‘ಉದ್ಭವಿಸುವುದಿಲ್ಲ’ ಅನ್ನಿಸಿಕೊಳ್ಳದ ಪ್ರಶ್ನೆ: ಮನೆ, ವಸ್ತಿ ಬಸ್, ಕಾರ್ಖಾನೆ ಹೊಗೆಯ ಬಗ್ಗೆ ಸದನದಲ್ಲಿ ಕೇಳಿಸುವುದು ಹೇಗೆ

ವಿಧಾನಸಭೆಯ ಉತ್ತರದ ಹಾಳೆ ಒಮ್ಮೆ ನೋಡಿದವರಿಗೆ ಅದರ ರೂಪ ಮರೆಯುವುದಿಲ್ಲ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಗೆ ಅ, ಆ, ಇ, ಈ ಎಂದು ಕವಲುಗಳು. ‘ಅ’ದಲ್ಲಿ "…ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದಿರುತ್ತದೆ. ಎದುರಿಗೆ "ಬಂದಿರುವುದಿಲ್ಲ". ಉಳಿದ ಮೂರೂ ಕವಲು "ಬಂದಿದ್ದಲ್ಲಿ…" ಎಂದೇ ಶುರುವಾಗಿರುವುದರಿಂದ ಮೂರಕ್ಕೂ ಆವರಣ ಹಾಕಿ ಒಂದೇ ಪದ ಬರೆದಿರುತ್ತಾರೆ: "ಉದ್ಭವಿಸುವುದಿಲ್ಲ". ನಾಲ್ಕು ಕವಲಿನ ಪ್ರಶ್ನೆ ಎರಡು ಪದಕ್ಕೆ ಸತ್ತುಹೋಯಿತು. ತಪ್ಪು ಉತ್ತರ ಬರೆದವರದಷ್ಟೇ ಅಲ್ಲ, ಪ್ರಶ್ನೆ ಬರೆದವರದೂ ಹೌದು.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಶಾಸಕರ ಮನೆ ಮುಂದೆ ಮನವಿ ಹಿಡಿದು ನಿಲ್ಲುವ ಪಂಚಾಯಿತಿ ಸದಸ್ಯರು, ಯುವಕ ಸಂಘದವರು ಮತ್ತು ಆ ಮನವಿಗಳನ್ನು ಪ್ರಶ್ನೆಯಾಗಿ ತಿರುಗಿಸಬೇಕಾದ ಪಿಎಗಳು, ಇವರಿಗಾಗಿ ಈ ಬರಹ.

ಉತ್ತರ ಬರೆಯುವವರು ಯಾರು

ಸದನದಲ್ಲಿ ಎದ್ದು ನಿಂತು ಉತ್ತರ ಓದುವವರು ಸಚಿವರು. ಅದನ್ನು ಬರೆಯುವವರು ಬೇರೆ. ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ನಿಗಮಕ್ಕೋ ಜಿಲ್ಲಾ ಪಂಚಾಯತ್ ಸಿಇಒ ಅವರಿಗೋ, ಅಲ್ಲಿಂದ ತಾಲ್ಲೂಕು ಪಂಚಾಯತ್ ಇಒಗೆ, ಕೊನೆಗೆ ಪಿಡಿಒ ಮೇಜಿಗೆ ಬರುತ್ತದೆ. ಕಚೇರಿಗಳಲ್ಲಿ ಇದಕ್ಕೆ ‘ಎಲ್‌ಎಕ್ಯೂ’ ಎನ್ನುತ್ತಾರೆ, ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಎಲ್‌ಎಕ್ಯೂ ಬಂತೆಂದರೆ ಉಳಿದ ಕಡತ ಬದಿಗೆ ಹೋಗುತ್ತವೆ, ಇವತ್ತೇ ಸಂಜೆಯೊಳಗೆ ಮಾಹಿತಿ ಬೇಕು ಎಂಬ ಫೋನು ಮೇಲಿಂದ ಬರುತ್ತದೆ. ಆ ಅವಸರದಲ್ಲಿ ವಿಷಯ ನಿರ್ವಾಹಕ (ಕಡತ ನೋಡಿಕೊಳ್ಳುವ ಗುಮಾಸ್ತ) ತನ್ನ ರಿಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಳಿಸುತ್ತಾನೆ. ಇಲ್ಲದ್ದಕ್ಕೆ "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ" ಎಂದು ಬರೆದು ಮೇಲಕ್ಕೆ ದಾಟಿಸುತ್ತಾನೆ.

ಆದ್ದರಿಂದ ಮೊದಲ ನಿಯಮ: ಕೆಳಗಿನ ಕಚೇರಿಯ ರಿಜಿಸ್ಟರಿನಲ್ಲಿ ಯಾವ ಕಾಲಮ್ ಇದೆಯೋ ಆ ಕಾಲಮ್ಮಿನ ಹೆಸರಿನಲ್ಲೇ ಕೇಳಿ. "ಬಡವರಿಗೆ ಮನೆ ಏಕೆ ಸಿಗುತ್ತಿಲ್ಲ?" ಎಂಬ ಕಾಲಮ್ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಎರಡನೆಯದು: ‘ಅ’ ಕವಲಿಗೆ ಹೌದು-ಇಲ್ಲ ಎನ್ನಲು ಜಾಗವನ್ನೇ ಕೊಡಬೇಡಿ. "ಗಮನಕ್ಕೆ ಬಂದಿದೆಯೇ" ಬಿಟ್ಟು "ಎಷ್ಟು" ಎಂದು ಶುರುಮಾಡಿ. ಪ್ರತಿ ಕವಲೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. "ಹಾಗಿದ್ದಲ್ಲಿ", "ಬಂದಿದ್ದಲ್ಲಿ" ಎಂಬ ಪದ ಎಲ್ಲಿದೆಯೋ ಅಲ್ಲಿ ಉತ್ತರ ತಪ್ಪಿಸಿಕೊಳ್ಳುವ ಬಾಗಿಲಿದೆ. ಕವಲಿನ ಕೊನೆಗೆ ಆವರಣದಲ್ಲಿ "ಗ್ರಾಮವಾರು, ವರ್ಷವಾರು ವಿವರ ನೀಡುವುದು" ಎಂದು ಸೇರಿಸಿದರೆ ಮೊತ್ತದ ಜತೆ ಅನುಬಂಧವೂ ಬರುತ್ತದೆ. ನಿಮಗೆ ಬೇಕಾದದ್ದು ಆ ಅನುಬಂಧ.

ಯಾರ ಕೈಯಿಂದ ಕೇಳಿಸಬೇಕು

ಸಚಿವರಾದ ಶಾಸಕರು ಪ್ರಶ್ನೆ ಕೇಳುವುದಿಲ್ಲ. ಅವರು ಉತ್ತರ ಕೊಡುವ ಕಡೆಯವರು. ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯವಲ್ಲ. ಮೂರು ಜಿಲ್ಲೆ ಸೇರಿ ವಿಧಾನಸಭಾ ಕ್ಷೇತ್ರಗಳು 19: ಕಲಬುರಗಿ 9, ಬೀದರ್ 6, ಯಾದಗಿರಿ 4. 2023ರ ಮೇ ತಿಂಗಳಲ್ಲಿ ಬಂದ ಸರ್ಕಾರದಲ್ಲಿ ಚಿತ್ತಾಪುರ, ಸೇಡಂ, ಬೀದರ್, ಭಾಲ್ಕಿ, ಶಹಾಪುರ, ಐದೂ ಕಡೆಯ ಶಾಸಕರು ಮಂತ್ರಿಗಳಾದರು. ಭಾಲ್ಕಿಯ ಈಶ್ವರ ಖಂಡ್ರೆ ಅವರಿಗೆ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಖಾತೆಯೇ ಬಂತು. ಊರಿಗೆ ಮಂತ್ರಿ ಸಿಕ್ಕ ಸಂತೋಷ ಬೇರೆ, ಸದನದಲ್ಲಿ ಕೇಳುವ ಬಾಯಿ ಒಂದು ಕಡಿಮೆಯಾದದ್ದು ಬೇರೆ.

ಅಂಥ ಕ್ಷೇತ್ರದವರು ಪಕ್ಕದ ಕ್ಷೇತ್ರದ ಶಾಸಕರ ಬಳಿ ಹೋಗಬಹುದು. ಪ್ರಶ್ನೆ ತನ್ನ ಕ್ಷೇತ್ರದ್ದೇ ಆಗಿರಬೇಕೆಂದೇನಿಲ್ಲ. ಅದಕ್ಕಿಂತ ಸಲೀಸಾದ ದಾರಿ ವಿಧಾನ ಪರಿಷತ್ತು. ಸ್ಥಳೀಯ ಸಂಸ್ಥೆಗಳಿಂದ ಗೆದ್ದ ಸದಸ್ಯರಿಗೆ ಕನಿಷ್ಠ ಒಂದು ಇಡೀ ಜಿಲ್ಲೆ, ಈಶಾನ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಗೆದ್ದವರಿಗೆ ಇಡೀ ವಿಭಾಗವೇ ಕ್ಷೇತ್ರ. 75 ಸದಸ್ಯರ ಪರಿಷತ್ತಿನಲ್ಲಿ ಸರದಿ ಬರುವ ಅವಕಾಶವೂ 224 ಜನರ ಸಭೆಗಿಂತ ಹೆಚ್ಚು. ಜನ ಇದನ್ನು ಮರೆಯುತ್ತಾರೆ.

ರೈಲು, ವಿಮಾನ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ರಸ್ತೆ ಇವು ರಾಜ್ಯದ ಸದನದಲ್ಲಿ ಕೇಳುವ ವಿಷಯಗಳೇ ಅಲ್ಲ. ಕಲಬುರಗಿ ರೈಲ್ವೆ ವಿಭಾಗದ ಪ್ರಶ್ನೆಯನ್ನು ಶಾಸಕರಿಗೆ ಕೊಟ್ಟರೆ "ಕೇಂದ್ರಕ್ಕೆ ಪತ್ರ ಬರೆಯಲಾಗಿದೆ" ಎಂಬುದಕ್ಕಿಂತ ಹೆಚ್ಚಿನದೇನೂ ಬಾರದು. ಅದು ಸಂಸದರಿಗೆ ಹೋಗಬೇಕು. ಯಾವ ಸಂಸದರು ಎಂಬಲ್ಲೂ ಎಡವುತ್ತಾರೆ: ಆಳಂದ, ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೀದರ್ ಕ್ಷೇತ್ರ. ಯಾದಗಿರಿ, ಶಹಾಪುರ, ಸುರಪುರ ರಾಯಚೂರು ಕ್ಷೇತ್ರಕ್ಕೆ ಸೇರಿವೆ, ಗುರುಮಠಕಲ್ ಮಾತ್ರ ಕಲಬುರಗಿಗೆ.

ಮನೆ: ಮೂರು ಇಲಾಖೆಯ ಗಂಟು

ತಾಂಡಾದ (ಲಂಬಾಣಿ ಜನವಸತಿಯ) ಮನೆ ಎನ್ನಿ, ಊರಿನ ಬಸವ ವಸತಿ ಮನೆ ಎನ್ನಿ, ಕಟ್ಟುವ ದುಡ್ಡು ವಸತಿ ಇಲಾಖೆಯದು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಅದನ್ನು ನಡೆಸುತ್ತದೆ. ಮನೆ ನಿಂತ ಜಾಗದ ಹಕ್ಕುಪತ್ರ ಕಂದಾಯ ಇಲಾಖೆಯದು: ಭೂ ಕಂದಾಯ ಕಾಯ್ದೆಯ ಕಲಂ 94ಸಿ, ಪಟ್ಟಣದಲ್ಲಾದರೆ 94ಸಿಸಿ, ದಾಖಲೆಯಿಲ್ಲದ ಜನವಸತಿಗೆ 94ಡಿ. ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆ) ನಮೂನೆ 9, 11ಎ, 11ಬಿ ಗ್ರಾಮೀಣಾಭಿವೃದ್ಧಿ ಇಲಾಖೆಯದು. ಮೂರನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಒಂದು ಇಲಾಖೆ ಮತ್ತೊಂದರ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುತ್ತದೆ. ಮೂರು ಬೇರೆ ಪ್ರಶ್ನೆ ಮಾಡಿ.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿಯವರು ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಐದು ಜಿಲ್ಲೆಯ 50 ಸಾವಿರಕ್ಕೂ ಹೆಚ್ಚು ಕುಟುಂಬಗಳ ಲೆಕ್ಕ ಅದು. ಈಗ ಕೇಳಬೇಕಾದದ್ದು "ಹಕ್ಕುಪತ್ರ ಕೊಟ್ಟಿದ್ದೀರಾ" ಅಲ್ಲ. ಕೊಟ್ಟ ಹಕ್ಕುಪತ್ರಗಳಲ್ಲಿ ಎಷ್ಟು ನೋಂದಣಿಯಾಗಿವೆ, ಎಷ್ಟಕ್ಕೆ ಇ-ಸ್ವತ್ತು ಖಾತೆ ಆಗಿದೆ ಎಂದು ತಾಂಡಾವಾರು ಕೇಳಬೇಕು. ಕಾಗದ ಕೈಗೆ ಬಂದರೂ ಖಾತೆಯಾಗದೆ ಬ್ಯಾಂಕ್ ಸಾಲ ಸಿಗುವುದಿಲ್ಲ.

ಮನೆ ಬಿಲ್ಲಿನ ವಿಷಯದಲ್ಲಿ ನಿಗಮದವರದೇ ಭಾಷೆ ಬಳಸಿ. ಮನೆ ನಾಲ್ಕು ಹಂತದಲ್ಲಿ ಏಳುತ್ತದೆ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ ಹತ್ತಿದ ಮೇಲೆ ಫಲಾನುಭವಿ ಖಾತೆಗೆ ಕಂತು. ಹೇಳಿದ ಅವಧಿಯಲ್ಲಿ ಮನೆ ಮೇಲೇಳದಿದ್ದರೆ ತಂತ್ರಾಂಶದಲ್ಲಿ ಮನೆ ‘ಬ್ಲಾಕ್’ ಆಗುತ್ತದೆ. ಊರಲ್ಲಿ "ನನ್ನ ಮನಿ ಬ್ಲಾಕ್ ಆಗ್ಯಾದ್ರಿ" ಅನ್ನುವವರು ಅನೇಕರು. ಇದು ಗೊತ್ತಿಲ್ಲದೆ ಬರೆದ ಪ್ರಶ್ನೆ ಹೀಗಿರುತ್ತದೆ:

"ಆಳಂದ ತಾಲ್ಲೂಕಿನಲ್ಲಿ ಅನೇಕ ಬಡ ಫಲಾನುಭವಿಗಳಿಗೆ ಮನೆ ಬಿಲ್ ಪಾವತಿಸದೆ ಅಧಿಕಾರಿಗಳು ನಿರ್ಲಕ್ಷಿಸಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?"

‘ನಿರ್ಲಕ್ಷಿಸಿರುವುದು’ ಆರೋಪ, ಸಚಿವಾಲಯವೇ ಅದನ್ನು ಕತ್ತರಿಸುತ್ತದೆ, ಇಲ್ಲವೇ ಪ್ರಶ್ನೆಯನ್ನೇ ತಿರಸ್ಕರಿಸುತ್ತದೆ. ‘ಅನೇಕ’ ಎಂಬುದಕ್ಕೆ ಅಳತೆಯಿಲ್ಲ. ಉಳಿದದ್ದಕ್ಕೆ ಉತ್ತರ ನಿಮಗೇ ಗೊತ್ತು. ಅದನ್ನೇ ಹೀಗೆ ಬರೆಯಿರಿ:

ಅ) ಆಳಂದ ತಾಲ್ಲೂಕಿನಲ್ಲಿ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಯೋಜನೆಗಳಡಿ ಮಂಜೂರಾದ ಮನೆಗಳೆಷ್ಟು; (ಯೋಜನೆವಾರು, ಗ್ರಾಮ ಪಂಚಾಯಿತಿವಾರು ವಿವರ ನೀಡುವುದು)

ಆ) ಅವುಗಳಲ್ಲಿ ಇಂದಿಗೆ ತಳಪಾಯ, ಲಿಂಟಲ್, ಛಾವಣಿ, ಪೂರ್ಣ, ಪ್ರಾರಂಭವಾಗದ ಹಂತಗಳಲ್ಲಿರುವ ಮನೆಗಳೆಷ್ಟು;

ಇ) ಜಿಪಿಎಸ್ ಆಗಿ 60 ದಿನ ಕಳೆದರೂ ಕಂತು ಬಿಡುಗಡೆಯಾಗದ ಮನೆಗಳೆಷ್ಟು, ಬಾಕಿ ಮೊತ್ತವೆಷ್ಟು;

ಈ) ಬ್ಲಾಕ್ ಆಗಿರುವ ಮನೆಗಳೆಷ್ಟು, ಅನ್‌ಬ್ಲಾಕ್ ಮಾಡಲು ಗ್ರಾಮ ಪಂಚಾಯಿತಿಗಳಿಂದ ಬಂದ ಪ್ರಸ್ತಾವನೆಗಳೆಷ್ಟು, ಯಾವ ದಿನಾಂಕದಿಂದ ಬಾಕಿ ಇವೆ?

ಇದರಲ್ಲಿ ಯಾರ ಮೇಲೂ ದೂರಿಲ್ಲ. ಉತ್ತರ ಬಂದಾಗ ಅಂಕಿಗಳೇ ದೂರು ಹೇಳುತ್ತವೆ. ‘60 ದಿನ’ ಸರ್ಕಾರ ಕೊಟ್ಟ ಗಡುವಲ್ಲ, ನೀವು ಹಾಕಿದ ಗೆರೆ. ಗೆರೆ ಹಾಕದಿದ್ದರೆ ನಿನ್ನೆ ಜಿಪಿಎಸ್ ಆದದ್ದೂ ವರ್ಷದ ಹಿಂದಿನದೂ ಒಂದೇ ಸಾಲಿಗೆ ಬೀಳುತ್ತವೆ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ ಮನೆ ಇದ್ದರೆ (ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ) ಬೇರೆ ಕವಲಾಗಿ ಕೇಳಿ, ರಾಜ್ಯದ ಯೋಜನೆಯೊಂದಿಗೆ ಬೆರೆಸಬೇಡಿ. ಭೀಮಾ ದಡದ ಅಫಜಲಪುರ, ಜೇವರ್ಗಿ, ಚಿತ್ತಾಪುರ, ಶಹಾಪುರದವರ ಕಥೆ ಇನ್ನೊಂದು. 2009ರ ನೆರೆಯ ನಂತರದ ‘ಆಸರೆ’ ಮನೆಗಳು, 2020ರ ಅಕ್ಟೋಬರ್ ನೆರೆಯಲ್ಲಿ ಬಿದ್ದ ಮನೆಗಳು ಬೇರೆ ಬೇರೆ ಲೆಕ್ಕ. ನೆರೆ ಮನೆಯ ಪಟ್ಟಿ ಹಾನಿಯ ಪ್ರಮಾಣದಂತೆ ಎ, ಬಿ, ಸಿ ವರ್ಗದಲ್ಲಿರುತ್ತದೆ. ಕೇಳುವಾಗ ವರ್ಗ ನಮೂದಿಸಿ. ‘ಎ’ ಇಂದ ‘ಸಿ’ಗೆ ಇಳಿಸಿದ್ದೇ ಊರಿನ ತಕರಾರಾದರೆ "ಮರುಪರಿಶೀಲನೆಯಲ್ಲಿ ವರ್ಗ ಬದಲಾದ ಮನೆಗಳೆಷ್ಟು" ಎಂಬುದೇ ಪ್ರಶ್ನೆ.

ವಸ್ತಿ ಬಸ್

ರಾತ್ರಿ ಊರಿಗೆ ಬಂದು ಅಲ್ಲೇ ನಿಂತು, ನಸುಕಿಗೆ ಹೊರಡುವ ಬಸ್ಸು. ಕಾಲೇಜಿಗೆ ಹೋಗುವ ಹುಡುಗಿಯರಿಗೂ, ಜಿಲ್ಲಾಸ್ಪತ್ರೆಗೆ ಹೋಗುವವರಿಗೂ ಅದೊಂದೇ ಆಧಾರವಾದ ಊರುಗಳಿವೆ. ಅದು ನಿಂತಾಗ "ನಮ್ಮೂರಿಗೆ ಬಸ್ ಬಿಡಿ" ಎಂದು ಬರೆದರೆ "ಸಾರಿಗೆ ಸೌಲಭ್ಯ ಕಲ್ಪಿಸಲಾಗಿದೆ" ಎಂದು ಉತ್ತರ ಬಂದೀತು. ಮಧ್ಯಾಹ್ನ ಒಂದು ಬಸ್ಸು ಹೋಗುತ್ತಿದ್ದರೆ ಅದು ಸುಳ್ಳೂ ಅಲ್ಲ.

ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಲ್ಲಿ ಲೆಕ್ಕ ನಡೆಯುವುದು ‘ಅನುಸೂಚಿ’ ಮೇಲೆ. ಡಿಪೊದಲ್ಲಿ ‘ಶೆಡ್ಯೂಲ್’ ಎನ್ನುತ್ತಾರೆ. ಪ್ರತಿ ಅನುಸೂಚಿಗೆ ಸಂಖ್ಯೆ ಇದೆ. ಹಳೆಯ ವಸ್ತಿ ಬಸ್ಸಿನ ಅನುಸೂಚಿ ಸಂಖ್ಯೆಯನ್ನು ಆ ಬಸ್ಸಿನ ಕಂಡಕ್ಟರನ್ನೋ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರನ್ನೋ ಕೇಳಿ ಬರೆದುಕೊಳ್ಳಿ. ಆಮೇಲೆ ಕವಲು ಹಾಕಿ: ಆ ಘಟಕದಲ್ಲಿ (ಡಿಪೊ) ಒಟ್ಟು ಅನುಸೂಚಿಗಳೆಷ್ಟು, ಅವುಗಳಲ್ಲಿ ರಾತ್ರಿ ವಸತಿ ಎಷ್ಟು, ಕಳೆದ ಮೂರು ವರ್ಷದಲ್ಲಿ ರದ್ದಾದ ರಾತ್ರಿ ವಸತಿ ಅನುಸೂಚಿಗಳ ಸಂಖ್ಯೆ, ಮಾರ್ಗ, ರದ್ದಾದ ದಿನಾಂಕ, ಕಾರಣ, ಚಾಲಕ, ನಿರ್ವಾಹಕ, ತಾಂತ್ರಿಕ ಸಿಬ್ಬಂದಿಯ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಘಟಕದಲ್ಲಿರುವ ವಾಹನಗಳು ಕ್ರಮಿಸಿದ ಕಿಲೋಮೀಟರ್‌ವಾರು ವಿಂಗಡಣೆ.

ರದ್ದಿಗೆ ಮೂರರಲ್ಲಿ ಒಂದು ಕಾರಣ ಹೇಳುತ್ತಾರೆ. ಸಿಬ್ಬಂದಿ ಕೊರತೆ ಎಂದರೆ ಹುದ್ದೆಯ ಕವಲು ಅದನ್ನು ತೂಗುತ್ತದೆ. ಆದಾಯ ಕಡಿಮೆ ಎಂದರೆ ಉಪಪ್ರಶ್ನೆ (ಸಚಿವರ ಉತ್ತರದ ಮೇಲೆ ಸದನದಲ್ಲೇ ಕೇಳುವ ಮರುಪ್ರಶ್ನೆ) ಸಿದ್ಧವಿರಲಿ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಮಹಿಳೆಯರ ಶೂನ್ಯ ಟಿಕೆಟ್ಟಿನ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ಭರಿಸಬೇಕು, ಪ್ರತಿ ಕಿಲೋಮೀಟರ್ ಗಳಿಕೆ ಲೆಕ್ಕ ಹಾಕುವಾಗ ಆ ಮೌಲ್ಯ ಸೇರಿಸಿದ್ದಾರೋ ಇಲ್ಲವೋ?

ಮೂರನೆಯ ಕಾರಣ ರಸ್ತೆ ಸರಿಯಿಲ್ಲ ಎಂಬುದು. ಇಲ್ಲಿ ಪ್ರಶ್ನೆ ಎರಡಾಗಬೇಕು, ಎರಡೂ ಒಂದೇ ಅಧಿವೇಶನದಲ್ಲಿ ಬರಬೇಕು. ಸಾರಿಗೆಗೆ: ರಸ್ತೆ ಹದಗೆಟ್ಟ ಕಾರಣಕ್ಕೆ ನಿಲ್ಲಿಸಿದ ಮಾರ್ಗಗಳು ಯಾವುವು, ಆ ಬಗ್ಗೆ ರಸ್ತೆ ಇಲಾಖೆಗೆ ಬರೆದ ಪತ್ರದ ಸಂಖ್ಯೆ, ದಿನಾಂಕ? ರಸ್ತೆಯವರಿಗೆ: ಅದೇ ರಸ್ತೆ ಕೊನೆಯದಾಗಿ ಡಾಂಬರಾದದ್ದು ಯಾವಾಗ, ದುರಸ್ತಿಗೆ ಎಷ್ಟು ಹಣ, ನಿರ್ವಹಣೆಯ ಅವಧಿ ಎಲ್ಲಿಯವರೆಗೆ? ಎರಡೂ ಉತ್ತರ ಪಕ್ಕಪಕ್ಕ ಇಟ್ಟರೆ ಯಾರು ಯಾರಿಗೆ ಬರೆದೇ ಇಲ್ಲ ಎಂಬುದು ಕಾಣುತ್ತದೆ.

ರಸ್ತೆಯವರು ಯಾರು ಎಂಬುದನ್ನು ಮೊದಲೇ ಖಚಿತಮಾಡಿಕೊಳ್ಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿಯದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯದು. ಶಹಾಪುರ, ಸುರಪುರ ಕಡೆ ಕಾಲುವೆ ಏರಿಯ ಮೇಲೆ ಬಸ್ ಓಡುವ ಜಾಗಗಳಿವೆ. ಅದು ಕೃಷ್ಣಾ ಭಾಗ್ಯ ಜಲ ನಿಗಮದ್ದು, ಅಂದರೆ ಜಲಸಂಪನ್ಮೂಲ ಇಲಾಖೆ. ಲೋಕೋಪಯೋಗಿಗೆ ಕೇಳಿದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಒಂದು ಅಧಿವೇಶನವೇ ಹೋಯಿತು.

ಹೊಗೆ, ವಾಸನೆ, ಬೋರಿನ ನೀರು

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶ, ಯಾದಗಿರಿಯ ಕಡೇಚೂರು-ಬಾಡಿಯಾಳ, ಸೇಡಂ-ಚಿತ್ತಾಪುರದ ಸಿಮೆಂಟ್ ಪಟ್ಟಿ, ಮೂರೂ ಕಡೆ ಜನರ ದೂರು ಹಳೆಯದು. ಇಲಾಖೆಯ ಸಿದ್ಧ ಉತ್ತರವೂ ಹಳೆಯದೇ: "ಮಾದರಿ ಸಂಗ್ರಹಿಸಿ ಪರೀಕ್ಷಿಸಲಾಗಿದ್ದು, ನಿಗದಿತ ಮಿತಿಯೊಳಗಿದೆ." ಯಾವ ಮಾದರಿ, ಎಷ್ಟು ಗಂಟೆಗೆ, ಎಲ್ಲಿಂದ ಎಂಬುದನ್ನು ಪ್ರಶ್ನೆಯೇ ಕೇಳದಿದ್ದರೆ ಉತ್ತರ ಹೇಳುವುದಿಲ್ಲ. ವಾಸನೆ ರಾತ್ರಿ ಬರುತ್ತದೆ, ಜೀಪು ಹಗಲು ಬರುತ್ತದೆ. ಹಾಗಾಗಿ ನೇರವಾಗಿ ಕೇಳಿ: ಕಳೆದ 12 ತಿಂಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸಿದ ತಪಾಸಣೆಗಳೆಷ್ಟು? (ಘಟಕವಾರು, ದಿನಾಂಕ ಮತ್ತು ವೇಳೆ ಸಹಿತ)

ನೀರಿಗೆ ಪ್ಯಾರಾಮೀಟರ್ ಹೆಸರಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಘನಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ; ಬೇರೆ ಮೂಲ ಇಲ್ಲದಿದ್ದರೆ 2000ವರೆಗೆ. "ಮಿತಿಯೊಳಗಿದೆ" ಎಂಬ ಮಾತು ಯಾವ ಮಿತಿಯದು ಎಂಬುದು ಇಲ್ಲಿ ಬಯಲಾಗುತ್ತದೆ. ಟಿಡಿಎಸ್, ಸಿಒಡಿ (ನೀರಿನ ರಾಸಾಯನಿಕ ಮಾಲಿನ್ಯದ ಅಳತೆ), ನೈಟ್ರೇಟ್, ಫ್ಲೋರೈಡ್ ಅಂಕಿಗಳನ್ನು ಕೊಳವೆಬಾವಿವಾರು ಕೇಳಿ. ಧೂಳಿಗೆ ಪಿಎಂ10 (ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ), 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೊಗ್ರಾಂ, ಪಿಎಂ2.5 ಆದರೆ 60.

ಎರಡು ದಾಖಲೆ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಸಿಮೆಂಟ್, ಔಷಧ ಮುಂತಾದ ಹೆಚ್ಚು ಮಾಲಿನ್ಯದ ವರ್ಗದ ಕಾರ್ಖಾನೆಗಳು ಚಿಮಣಿಗೆ, ತ್ಯಾಜ್ಯ ನೀರಿಗೆ ನಿರಂತರ ಆನ್‌ಲೈನ್ ಮಾಪಕ ಕೂಡಿಸಬೇಕು. ಮಿತಿ ಮೀರಿದರೆ ಎಚ್ಚರಿಕೆ ಸಂದೇಶ ಹೋಗುತ್ತದೆ. "ಒಂದು ವರ್ಷದಲ್ಲಿ ಬಂದ ಎಚ್ಚರಿಕೆಗಳೆಷ್ಟು, ಮಾಪಕ ಕೆಟ್ಟು ನಿಂತ ದಿನಗಳೆಷ್ಟು" ಎಂಬ ಎರಡನೇ ಭಾಗ ಬಿಡಬೇಡಿ. ಇನ್ನೊಂದು, ಪರಿಸರ ಅನುಮತಿ ಪಡೆದವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲನೆಯ ವರದಿ ಕೊಡಬೇಕು. ಆ ವರದಿ ಕೊಟ್ಟವರ, ಕೊಡದವರ ಪಟ್ಟಿ ಕೇಳಿ.

ಇಲ್ಲೂ ಇಲಾಖೆಯ ಗಂಟಿದೆ. ಹೊಗೆ, ತ್ಯಾಜ್ಯ ಪರಿಸರ ಇಲಾಖೆಗೆ; ಕೈಗಾರಿಕಾ ಪ್ರದೇಶದ ಚರಂಡಿ, ಸಾಮೂಹಿಕ ಶುದ್ಧೀಕರಣ ಘಟಕ ಕೆಐಎಡಿಬಿಯದಾದ್ದರಿಂದ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕೈಗಾರಿಕಾ ಇಲಾಖೆಗೆ; ಊರಿಗೆ ಬದಲಿ ಕುಡಿಯುವ ನೀರು ಗ್ರಾಮೀಣಾಭಿವೃದ್ಧಿಗೆ. ಮೊಕದ್ದಮೆ ನ್ಯಾಯಾಲಯದಲ್ಲೋ ಹಸಿರು ನ್ಯಾಯಮಂಡಳಿಯಲ್ಲೋ ಇದ್ದರೆ ಆ ವಿವಾದ ಮುಟ್ಟಬೇಡಿ, ಪ್ರಶ್ನೆ ಬಿದ್ದುಹೋಗುತ್ತದೆ. ತಪಾಸಣೆಯ ದಿನಾಂಕ, ಅಂಕಿ ಮಾತ್ರ ಕೇಳಿ.

ಮಂಡಳಿಯ ದುಡ್ಡು

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಬರೇ ಮೀಸಲಾತಿಯ ವಿಧಿ ಎಂದುಕೊಂಡವರು ಹೆಚ್ಚು. ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂಬುದೂ ಅದರಲ್ಲೇ ಇದೆ. 2023-24ರ ಬಜೆಟ್‌ನಲ್ಲಿ ಆ ಮಂಡಳಿಗೆ, ಅಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, ಘೋಷಿಸಿದ್ದು 5,000 ಕೋಟಿ ರೂಪಾಯಿ. ಘೋಷಣೆ, ಬಿಡುಗಡೆ, ವೆಚ್ಚ ಮೂರು ಬೇರೆ ಕಾಲಮ್. ಮೂರನ್ನೂ ತಾಲ್ಲೂಕುವಾರು ಕೇಳದೆ ಬಿಡಬೇಡಿ.

ಕೊಡುವ ಹೊತ್ತು, ಕೊಡುವ ರೀತಿ

ಅಧಿವೇಶನ ಕರೆದ ಕೂಡಲೇ ಯಾವ ದಿನ ಯಾವ ಇಲಾಖೆಯ ಸರದಿ, ಅದಕ್ಕೆ ಪ್ರಶ್ನೆ ಕೊಡಲು ಕೊನೆಯ ದಿನ ಯಾವುದು ಎಂಬ ಪಟ್ಟಿ ಸದಸ್ಯರಿಗೆ ಹೋಗುತ್ತದೆ. ಮೊದಲ ವಾರದ ಸರದಿಗೆ ಕೊನೆಯ ದಿನ ಅಧಿವೇಶನ ಶುರುವಾಗುವ ಮೊದಲೇ ಕಳೆದುಹೋಗುತ್ತದೆ. ಸದನ ಸೇರಿದ ಸುದ್ದಿ ಟಿವಿಯಲ್ಲಿ ನೋಡಿ ಓಡಿ ಬಂದವರಿಗೆ ಪಿಎ ಹೇಳುವುದು ಒಂದೇ ಮಾತು: "ಮುಂದಿನ ಸಲ ನೋಡೂಣ್ರಿ." ಬೆಳಗಾವಿ ಅಧಿವೇಶನಕ್ಕಾದರೆ ದೀಪಾವಳಿ ಮುಗಿದ ಕೂಡಲೇ ಕಾಗದ ಸಿದ್ಧವಿರಬೇಕು, ತೊಗರಿ ರಾಶಿಗೆ ಇಳಿದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ.

ಮನವಿ ಪತ್ರ ಕೊಡಬೇಡಿ, ಮೂರು ಹಾಳೆ ಕೊಡಿ. ಮೊದಲನೆಯದರಲ್ಲಿ ಟೈಪು ಮಾಡಿದ ಪ್ರಶ್ನೆ, ಮೇಲೆ ಇಲಾಖೆಯ ಹೆಸರು. ಶಾಸಕರು ಸಹಿ ಹಾಕಿದರೆ ಸಾಕು ಎನ್ನುವಂತಿರಲಿ. ಎರಡನೆಯದರಲ್ಲಿ ಆಧಾರ: ಆರ್‌ಟಿಐ ಉತ್ತರ, ಪಂಚಾಯಿತಿ ಠರಾವು, ದಿನಾಂಕ ಇರುವ ಫೋಟೊ. ಮೂರನೆಯದರಲ್ಲಿ ಉಪಪ್ರಶ್ನೆ, ಮೂರೇ ಸಾಲು, ದೊಡ್ಡ ಅಕ್ಷರದಲ್ಲಿ. ಸದನದ ಗದ್ದಲದಲ್ಲಿ ನಾಲ್ಕನೆಯ ಸಾಲು ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಆರ್‌ಟಿಐ ಮೊದಲೇ ಹಾಕಿರಬೇಕು: ಹತ್ತು ರೂಪಾಯಿ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಆ ಲೆಕ್ಕದಲ್ಲಿ ಅಧಿವೇಶನಕ್ಕೆ ಎರಡು ತಿಂಗಳ ಮುಂಚೆ.

ಚುಕ್ಕೆ ಗುರುತಿನದೋ, ಚುಕ್ಕೆ ಗುರುತಿಲ್ಲದ್ದೋ? ಮೊದಲನೆಯದಕ್ಕೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶ; ಎರಡನೆಯದಕ್ಕೆ ಲಿಖಿತ ಉತ್ತರ ಮಾತ್ರ. ಪತ್ರಿಕೆಯಲ್ಲಿ ಹೆಸರು ಬರುತ್ತದೆಂದು ಎಲ್ಲರಿಗೂ ಚುಕ್ಕೆ ಗುರುತೇ ಬೇಕು. ಅನುಬಂಧ ಬೇಕಾದ ಪ್ರಶ್ನೆಗೆ ಅದು ದಂಡ. ಅಂಕಿ-ಅಂಶಕ್ಕೆ ಚುಕ್ಕೆ ಗುರುತಿಲ್ಲದ್ದನ್ನು ಹಾಕಿ, ಲಿಖಿತ ಉತ್ತರ ಬರುತ್ತದೆ. ಆ ಉತ್ತರ ಕೈಯಲ್ಲಿಟ್ಟುಕೊಂಡು ಮುಂದಿನ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಉಪಪ್ರಶ್ನೆಗೆ ಬಲ ಬರುತ್ತದೆ. ತುರ್ತಿನ ವಿಷಯವಾದರೆ, ಕಾರ್ಖಾನೆಯ ಅನಿಲ ಸೋರಿತು ಎನ್ನಿ, ಪ್ರಶ್ನೆಯ ದಾರಿ ಬಿಟ್ಟು ಶೂನ್ಯ ವೇಳೆ ಅಥವಾ ನಿಯಮ 73ರ ಗಮನ ಸೆಳೆಯುವ ಸೂಚನೆ ಹಿಡಿಯಿರಿ.

ಉತ್ತರ ಬಂದ ಮೇಲೆ

ಪ್ರಶ್ನೆ ಸಂಖ್ಯೆ, ಉತ್ತರಿಸಿದ ದಿನಾಂಕ ಬರೆದಿಟ್ಟುಕೊಂಡರೆ ವಿಧಾನಸಭೆಯ ಜಾಲತಾಣದಲ್ಲಿ ಪ್ರತಿ ಸಿಗುತ್ತದೆ. ಅನುಬಂಧ ಸಮೇತ ಮುದ್ರಿಸಿ ಊರಿಗೆ ತನ್ನಿ. ‘ಪೂರ್ಣ’ ಎಂದು ಬರೆದ ಮನೆಗಳ ಮುಂದೆ ನಿಂತು ನೋಡಿ. ಛಾವಣಿಯಿಲ್ಲದ ಮನೆ ಪೂರ್ಣದ ಲೆಕ್ಕದಲ್ಲಿದ್ದರೆ ಫಲಾನುಭವಿ ಸಂಕೇತ ಸಂಖ್ಯೆ ಸಮೇತ ಫೋಟೊ ತೆಗೆದು ಶಾಸಕರಿಗೆ ಕೊಡಿ. ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ (ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ) ಮಾತು ಏಳುತ್ತದೆ ಎಂಬುದು ಅಧಿಕಾರಿಗಳಿಗೆ ಗೊತ್ತು. ಸದನಕ್ಕೆ ಹೋಗುವ ಮೊದಲೇ ಕಂತು ಬಿಡುಗಡೆಯಾಗುವುದೂ ಉಂಟು.

"ಪರಿಶೀಲಿಸಲಾಗುವುದು", "ಅನುದಾನದ ಲಭ್ಯತೆಗೆ ಅನುಗುಣವಾಗಿ" ಎಂದರೆ ಹಿಡಿಯಲು ಏನೂ ಇಲ್ಲ. "ಮಾರ್ಚ್ ಒಳಗೆ ಬಸ್ ಪುನರಾರಂಭಿಸಲಾಗುವುದು" ಎಂದು ಸಚಿವರು ಸದನದಲ್ಲಿ ಹೇಳಿದರೆ ಅದು ಭರವಸೆ. ಸರ್ಕಾರಿ ಭರವಸೆಗಳ ಸಮಿತಿ ಅದರ ಬೆನ್ನು ಹತ್ತಬಹುದು. ಉಪಪ್ರಶ್ನೆಯ ಹಾಳೆಯ ಕೊನೆಯ ಸಾಲು ಆದ್ದರಿಂದ ಯಾವಾಗಲೂ ಇದೇ ಇರಲಿ: "ಯಾವ ದಿನಾಂಕದೊಳಗೆ?"